ಡಾಲರ್ ರೇಟು ತರಲು ಹುಟ್ಟಿದ ಪ್ರೋಗ್ರಾಂ, ಮತ್ತು ಅದರ ಬೇಲಿಯ ಕಂಡಿಗಳು

1996ರ ಕೊನೆಯ ಮಾತು. ಸ್ವೀಡನ್ ದೇಶದ ಡೇನಿಯಲ್ ಸ್ಟೆನ್‌ಬರ್ಗ್ ಎಂಬ ಪ್ರೋಗ್ರಾಮರ್‌ಗೆ ಒಂದು ಚಿಕ್ಕ ಕೆಲಸ ಆಗಬೇಕಿತ್ತು. ಅಮಿಗಾ ಎಂಬ ಕಂಪ್ಯೂಟರಿನ ಅಭಿಮಾನಿಗಳು ಸೇರಿ ಹರಟುವ ಚಾಟ್ ಕೋಣೆಯೊಂದಿತ್ತು. ಅಲ್ಲಿ ಯಾರಾದರೂ ಇಷ್ಟು ಡಾಲರಿಗೆ ನಮ್ಮ ದುಡ್ಡು ಎಷ್ಟಾಗುತ್ತದೆ ಎಂದು ಕೇಳಿದರೆ ತಾನಾಗಿ ಉತ್ತರ ಕೊಡುವ ಬಾಟ್ ಒಂದನ್ನು ಮಾಡಬೇಕು ಎಂಬುದು ಅವರ ಆಸೆ. ವಿನಿಮಯ ದರ ಒಂದು ವೆಬ್ ಪುಟದಲ್ಲಿ ಇತ್ತು. ಆ ಪುಟವನ್ನು ಮನುಷ್ಯರು ಕೂತು ನೋಡದೆ ತಂದುಕೊಡುವ ಪ್ರೋಗ್ರಾಂ ಬೇಕಿತ್ತು.

ಹುಡುಕಿದಾಗ ಬ್ರೆಜಿಲ್‌ನ ರಫೇಲ್ ಸಗುಲಾ ಬರೆದಿದ್ದ ಎಚ್‌ಟಿಟಿಪಿಗೆಟ್ ಎಂಬ ಪುಟ್ಟ ಪ್ರೋಗ್ರಾಂ ಸಿಕ್ಕಿತು. ಕೆಲವು ನೂರು ಸಾಲಿನ ಕೋಡ್, ಅಷ್ಟೇ. ಸ್ಟೆನ್‌ಬರ್ಗ್ ತಿದ್ದುಪಡಿಗಳನ್ನು ಕಳಿಸಿದರು. ಸ್ವಲ್ಪ ಕಾಲಕ್ಕೆ ಅದನ್ನು ನೋಡಿಕೊಳ್ಳುವ ಹೊಣೆಯೂ ಅವರ ಹೆಗಲಿಗೇ ಬಂತು. 1997ರಲ್ಲಿ ಅದರ ಹೆಸರು ಯುಆರ್‌ಎಲ್‌ಗೆಟ್ ಆಯಿತು. 1998ರ ಮಾರ್ಚ್ 20ರಂದು ಕರ್ಲ್ ಆಯಿತು. ಆ ಹೆಸರೇ ಉಳಿಯಿತು.

ಇವತ್ತು ಕರ್ಲ್ ಎಲ್ಲಿಲ್ಲ ಎಂದು ಕೇಳಬೇಕು. 2001ರಿಂದ ಆ್ಯಪಲ್ ಕಂಪ್ಯೂಟರುಗಳಲ್ಲಿ, 2018ರಿಂದ ವಿಂಡೋಸ್‌ನಲ್ಲಿ ಅದು ಮೊದಲೇ ಕೂತಿರುತ್ತದೆ. ಟಿವಿ, ಕಾರು, ರೌಟರ್, ಆಟದ ಯಂತ್ರ, ಮೊಬೈಲ್ ಆ್ಯಪ್, ಎಲ್ಲದರ ಒಳಗೂ ಇದೆ. 2021ರಲ್ಲಿ ಮಂಗಳ ಗ್ರಹದ ಮೇಲೆ ನಾಸಾ ಹಾರಿಸಿದ ಪುಟ್ಟ ಹೆಲಿಕಾಪ್ಟರಿಗೆ ನೆರವಾದ ಮುಕ್ತ ತಂತ್ರಾಂಶಗಳ ಪಟ್ಟಿಯಲ್ಲಿ ಇದರ ಹೆಸರೂ ಇತ್ತು. ಸ್ಟೆನ್‌ಬರ್ಗ್ ಹಾಕಿದ ಅಂದಾಜಿನ ಪ್ರಕಾರ ಕರ್ಲ್ 2,000 ಕೋಟಿಗೂ ಹೆಚ್ಚು ಕಡೆ ಅಳವಡಿಕೆಯಾಗಿದೆ. ಭೂಮಿಯ ಮೇಲಿನ ಜನಸಂಖ್ಯೆಯ ಎರಡು ಪಟ್ಟಿಗಿಂತ ಜಾಸ್ತಿ.

ಇದನ್ನು ಓದುತ್ತಿರುವ ನಿಮ್ಮ ಫೋನಿನಲ್ಲೂ ನೋಡಬಹುದು. ಸೆಟ್ಟಿಂಗ್ಸ್‌ಗೆ ಹೋಗಿ, ಫೋನಿನ ಬಗ್ಗೆ ಎಂಬಲ್ಲಿ ಕಾನೂನು ಮಾಹಿತಿ ಅಥವಾ ಓಪನ್ ಸೋರ್ಸ್ ಲೈಸೆನ್ಸ್ ಎಂದು ಇರುತ್ತದೆ. ಯಾರೂ ಓದದ ಉದ್ದನೆಯ ಪಟ್ಟಿ ಅದು. ಬಹಳಷ್ಟು ಫೋನುಗಳಲ್ಲಿ, ಆ್ಯಪ್‌ಗಳಲ್ಲಿ ಆ ಪಟ್ಟಿಯೊಳಗೆ ಸ್ಟೆನ್‌ಬರ್ಗ್ ಹೆಸರೂ ಇಮೇಲ್ ವಿಳಾಸವೂ ಸಿಗುತ್ತದೆ. ಇದರಿಂದ ಆ ಮನುಷ್ಯನಿಗೆ ಆದ ಫಜೀತಿ ಒಂದೆರಡಲ್ಲ. ಕಾರಿನ ಸ್ಟಿರಿಯೋ ಕೆಟ್ಟಿದೆ, ಸರಿ ಮಾಡಿಕೊಡಿ ಎಂದು ಜನ ಅವರಿಗೆ ಬರೆಯುತ್ತಾರೆ. ನನ್ನ ಇನ್‌ಸ್ಟಾಗ್ರಾಂ ಹ್ಯಾಕ್ ಮಾಡಿದವನು ನೀನೇ, ನಿನ್ನ ಹೆಸರು ಆ್ಯಪ್ ಒಳಗೇ ಸಿಕ್ಕಿತು ಎಂದು ಬೈದು ಬರೆದವರೂ ಇದ್ದಾರೆ. 2021ರಲ್ಲಿ ಒಬ್ಬ ಕೊಲೆ ಬೆದರಿಕೆಯನ್ನೇ ಕಳಿಸಿದ. ಅವರು ಇಂಥ ಪತ್ರಗಳನ್ನು ಕೂಡಿಟ್ಟು ಪ್ರಕಟಿಸುತ್ತಾರೆ.

ಕರ್ಲ್ ಮಾಡುವ ಕೆಲಸಕ್ಕೂ ವೆಬ್ ಸ್ಕ್ರೇಪಿಂಗ್ ಎಂಬುದಕ್ಕೂ ಏನು ಸಂಬಂಧ? ಸ್ಕ್ರೇಪಿಂಗ್ ಎಂದರೆ ಕೆರೆದು ತೆಗೆಯುವುದು, ತೆಂಗಿನಕಾಯಿ ತುರಿದ ಹಾಗೆ. ಮಾರುಕಟ್ಟೆ ವೆಬ್‌ಸೈಟ್ ತೆರೆದು ಅಡಿಕೆ, ಮೆಕ್ಕೆಜೋಳ, ಈರುಳ್ಳಿ ಧಾರಣೆಯನ್ನು ನಾವು ವರದಿಗಾರರು ಒಂದೊಂದಾಗಿ ನೋಡಿ ಬರೆದುಕೊಳ್ಳುತ್ತೇವಲ್ಲ, ಅದನ್ನೇ ಪ್ರೋಗ್ರಾಂ ಮಾಡಿದರೆ ಸ್ಕ್ರೇಪಿಂಗ್. ಅದರಲ್ಲಿ ಎರಡು ಹಂತ. ಮೊದಲು ಪುಟವನ್ನು ತರಬೇಕು, ಆಮೇಲೆ ಅದರೊಳಗಿಂದ ಬೇಕಾದ ಅಂಕಿಯನ್ನು ಆರಿಸಬೇಕು. ಕರ್ಲ್ ತರುವ ಆಳು. ಆರಿಸುವ ಆಳುಗಳು ಬೇರೆ ಇದ್ದಾರೆ.

ಇಲ್ಲಿ ಒಂದು ತೊಡಕಿದೆ, ಅದರ ಚರಿತ್ರೆಯೇ ಈ ಲೇಖನ. ತರಲು ಹೋದವನು ಕೊಟ್ಟದ್ದನ್ನು ಹೊತ್ತು ತರುತ್ತಾನೆ. ಸಂತೆಗೆ ಕಳಿಸಿದ ಹುಡುಗ ಚೀಲದಲ್ಲಿ ಅಂಗಡಿಯವನು ಏನು ತುಂಬಿದನೋ ಅದನ್ನೇ ಮನೆಯೊಳಗೆ ಇಳಿಸುತ್ತಾನೆ. ಆ ಕಡೆಯ ಸರ್ವರ್ ಒಳ್ಳೆಯದೇ ಎಂದು ಮೊದಲಿನ ಪ್ರೋಗ್ರಾಮರುಗಳು ನಂಬಿದ್ದರು. ಆ ನಂಬಿಕೆ ಒಂದೊಂದಾಗಿ ಕಳಚಿಬಿತ್ತು.

ಶುರುವಿನಲ್ಲಿ ಭಯ ಇದ್ದದ್ದು ಉಲ್ಟಾ ದಿಕ್ಕಿನಲ್ಲಿ. 1993ರಲ್ಲಿ ಅಮೆರಿಕದ ಎಂಐಟಿಯ ಮ್ಯಾಥ್ಯೂ ಗ್ರೇ ವೆಬ್ ಎಷ್ಟು ದೊಡ್ಡದಾಗಿದೆ ಎಂದು ಎಣಿಸಲು ಪುಟದಿಂದ ಪುಟಕ್ಕೆ ಅಲೆಯುವ ಪ್ರೋಗ್ರಾಂ ಬಿಟ್ಟರು. ಅದರ ಹೆಸರೇ ಅಲೆಮಾರಿ ಎಂಬ ಅರ್ಥದ ವಾಂಡರರ್. ಇಂಥವು ಹೆಚ್ಚಿದಂತೆ ಸರ್ವರುಗಳು ಏದುಸಿರು ಬಿಟ್ಟವು. ಮಾರ್ಟೈನ್ ಕೋಸ್ಟರ್ ಎಂಬವರ ಸರ್ವರ್ ಹೀಗೆ ಕುಸಿದು, 1994ರಲ್ಲಿ ಅವರು ರೋಬೋಟ್ಸ್ ಕಡತದ ಸಲಹೆ ಮುಂದಿಟ್ಟರು. ಈ ಈ ಜಾಗಕ್ಕೆ ಬರಬೇಡಿ ಎಂದು ಸೈಟಿನ ಬಾಗಿಲಲ್ಲಿ ಹಾಕುವ ಬೋರ್ಡ್ ಅದು. ಕೆಟ್ಟ ಪ್ರೋಗ್ರಾಂ ಬರೆದು ಆ ಸರ್ವರ್ ಕೆಡವಿದವನು ನಾನೇ ಎಂದು ಆಮೇಲೆ ವಿಜ್ಞಾನ ಕಾದಂಬರಿಕಾರರಾಗಿ ಹೆಸರಾದ ಚಾರ್ಲ್ಸ್ ಸ್ಟ್ರಾಸ್ ಹೇಳಿಕೊಂಡಿದ್ದಾರೆ. ಬೋರ್ಡ್ ಪಾಲಿಸುವುದು ಬಿಡುವುದು ಬರುವವರ ಮರ್ಯಾದೆಗೆ ಬಿಟ್ಟದ್ದು. ಅದು ಈಗಲೂ ಹಾಗೆಯೇ.

ಸರ್ವರಿಗೆ ತೊಂದರೆ ಕೊಡುವವರ ಬಗ್ಗೆ ಎಲ್ಲರೂ ಯೋಚಿಸಿದರು. ಸರ್ವರ್ ತಿರುಗಿ ತೊಂದರೆ ಕೊಟ್ಟರೆ ಏನು ಗತಿ ಎಂದು ಯೋಚಿಸಿದವರು ಕಡಿಮೆ.

ಕರ್ಲ್‌ನ ಅಣ್ಣ ಎನ್ನಬಹುದಾದ ಪ್ರೋಗ್ರಾಂ ವಿಗೆಟ್. ಕ್ರೊವೇಷಿಯಾದ ಹರ್ವೋಯೆ ನಿಕ್ಷಿಚ್ 1996ರಲ್ಲೇ ಬರೆದದ್ದು. ಇಡೀ ಸೈಟನ್ನೇ ಇಳಿಸಿಕೊಳ್ಳಬೇಕೆಂದರೆ ಜನ ಇದನ್ನು ಬಳಸುತ್ತಿದ್ದರು. 2010ರಲ್ಲಿ ಅದರ ಒಂದು ಕಂಡಿ ಬಯಲಾಯಿತು. ನೀವು ಒಂದು ಕಡತ ಕೇಳುತ್ತೀರಿ. ಸರ್ವರ್ "ಅದು ಇಲ್ಲಿಲ್ಲ, ಆ ಕಡೆ ಇದೆ" ಎಂದು ಬೇರೆ ವಿಳಾಸ ಕೊಡುತ್ತದೆ. ವಿಗೆಟ್ ಅಲ್ಲಿಗೆ ಹೋಗಿ ತಂದು, ಆ ಹೊಸ ವಿಳಾಸದ ಕೊನೆಯಲ್ಲಿದ್ದ ಹೆಸರಿನಲ್ಲೇ ನಿಮ್ಮ ಕಂಪ್ಯೂಟರಿನಲ್ಲಿ ಉಳಿಸುತ್ತಿತ್ತು. ಅಂದರೆ ನಿಮ್ಮ ಮನೆಯ ಕಡತಕ್ಕೆ ಹೆಸರಿಡುವ ಅಧಿಕಾರ ಪರಕೀಯನ ಕೈಲಿ. ಅವನು ವಿಗೆಟ್‌ನದೇ ಸೆಟ್ಟಿಂಗ್ ಕಡತದ ಹೆಸರಿಟ್ಟರೆ? ಮುಂದಿನ ಸಲ ವಿಗೆಟ್ ಓಡುವಾಗ ಅವನು ಬರೆದ ಆಜ್ಞೆಯನ್ನು ಪಾಲಿಸುತ್ತದೆ. 2011ರಲ್ಲಿ ಬಂದ ಆವೃತ್ತಿಯಲ್ಲಿ ಇದನ್ನು ನಿಲ್ಲಿಸಿದರು. ಹಳೆಯ ನಡವಳಿಕೆಯೇ ಬೇಕೆನ್ನುವವರಿಗೆ ಒಂದು ಆಯ್ಕೆ ಉಳಿಸಿದರು. ಅದಕ್ಕಿಟ್ಟ ಹೆಸರಿನ ಅರ್ಥ, ಸರ್ವರ್ ಹೇಳಿದ ಹೆಸರನ್ನು ನಂಬು. 2014ರಲ್ಲಿ ಮತ್ತೊಂದು ಸಿಕ್ಕಿತು. ಎಫ್‌ಟಿಪಿ ಸರ್ವರ್ ಒಂದು ಮೋಸದ ಕೊಂಡಿ ಕೊಟ್ಟು, ನಿಮ್ಮ ಯಂತ್ರದ ಎಲ್ಲಿ ಬೇಕಾದರೂ ಕಡತ ಬರೆಸಬಹುದಿತ್ತು.

ಇವು ತರುವ ಹಂತದ ಕಥೆ. ಆರಿಸುವ ಹಂತದಲ್ಲಿ ಇನ್ನೊಂದು ವಿಚಿತ್ರ. 2002–03ರ ಸುಮಾರಿಗೆ ಗೊತ್ತಾದ ದಾಳಿಯೊಂದಕ್ಕೆ ಕೋಟಿ ನಗೆ ಎಂಬಂಥ ತಮಾಷೆಯ ಹೆಸರಿದೆ, ಬಿಲಿಯನ್ ಲಾಫ್ಸ್. ಎಕ್ಸ್‌ಎಂಎಲ್ ಎಂಬ ಬರಹದ ಕ್ರಮದಲ್ಲಿ ಒಂದು ಪದಕ್ಕೆ ಅಡ್ಡಹೆಸರು ಕೊಡಬಹುದು. ಮೊದಲ ಅಡ್ಡಹೆಸರು ಎಂದರೆ ಒಂದು ನಗು. ಎರಡನೆಯದು ಎಂದರೆ ಮೊದಲನೆಯದು ಹತ್ತು ಸಲ. ಮೂರನೆಯದು ಎಂದರೆ ಎರಡನೆಯದು ಹತ್ತು ಸಲ. ಹೀಗೆ ಹತ್ತು ಮೆಟ್ಟಿಲು. ಬರೆದಾಗ ಒಂದು ಕಿಲೋಬೈಟ್ ಕೂಡ ಇಲ್ಲ, ಒಂದು ಎಸ್‌ಎಂಎಸ್ ಐದಾರು ಸಲ ಬರೆದಷ್ಟು. ಬಿಚ್ಚುತ್ತಾ ಹೋದರೆ ನೂರು ಕೋಟಿ ನಗು, ಸುಮಾರು 3 ಗಿಗಾಬೈಟ್ ಮೆಮೊರಿ. ಅಂದಿನ ಕಂಪ್ಯೂಟರ್ ಅಲ್ಲೇ ಮಗುಚಿಕೊಳ್ಳುತ್ತಿತ್ತು. ಚದುರಂಗದ ಮನೆಗೆ ಅಕ್ಕಿಕಾಳು ದುಪ್ಪಟ್ಟು ಮಾಡುತ್ತಾ ಹೋದ ರಾಜನ ಕಥೆ ಕೇಳಿರುತ್ತೀರಿ, ಅದೇ ಲೆಕ್ಕ. ಇಲ್ಲಿ ಯಾವ ವೈರಸ್ಸೂ ಇಲ್ಲ, ನಿಯಮ ಮುರಿದದ್ದೂ ಇಲ್ಲ. ಪುಟ ಹೇಳಿದಂತೆ ಪ್ರೋಗ್ರಾಂ ಕೇಳಿತು, ಅಷ್ಟೇ.

ಸ್ಕ್ರೇಪಿಂಗ್‌ಗೆಂದೇ ಕಟ್ಟಿದ ಸಾಫ್ಟ್‌ವೇರ್ ಸ್ಕ್ರೇಪಿ. ಲಂಡನ್ನಿನ ಒಂದು ಕಂಪನಿ ಮತ್ತು ಉರುಗ್ವೆಯ ಒಂದು ಕಂಪನಿ ಸೇರಿ ಮಾಡಿದ್ದನ್ನು 2008ರಲ್ಲಿ ಎಲ್ಲರಿಗೂ ತೆರೆದರು. ಸ್ಕ್ರೇಪಿ ಓಡುವಾಗ ಅದನ್ನು ನಿಯಂತ್ರಿಸಲು ಯಂತ್ರದೊಳಗೆ ಒಂದು ಚಿಕ್ಕ ಬಾಗಿಲು ತೆರೆದಿರುತ್ತಿತ್ತು. ಅದು ಮನೆಯೊಳಗಿನ ಬಾಗಿಲು, ಹೊರಗಿನವರಿಗೆ ಕಾಣದು, ಬೀಗ ಯಾಕೆ ಎಂದುಕೊಂಡಿದ್ದರು. ಅದೇ ಯಂತ್ರದ ಬ್ರೌಸರಿನಲ್ಲಿ ನೀವು ಒಂದು ಕೆಟ್ಟ ಸೈಟ್ ತೆರೆದರೆ, ಆ ಸೈಟ್ ನಿಮ್ಮ ಬ್ರೌಸರ್ ಮೂಲಕವೇ ಒಳಬಾಗಿಲು ತಟ್ಟಬಹುದು ಎಂಬುದು ಆಮೇಲೆ ಗೊತ್ತಾಯಿತು. 2019ರ ಜನವರಿಯಲ್ಲಿ ಪಾಸ್‌ವರ್ಡ್ ಬೀಗ ಬಂತು. 2021ರಲ್ಲಿ ಬಯಲಾದದ್ದು ಇನ್ನೂ ಸರಳ. ಒಂದು ಸೈಟಿಗೆ ಹೋಗಲು ನೀವು ಕೊಟ್ಟಿಟ್ಟ ಹೆಸರು, ಪಾಸ್‌ವರ್ಡನ್ನು ಅದು ದಾರಿಯಲ್ಲಿ ಹೊಕ್ಕ ಬೇರೆ ಸೈಟುಗಳಿಗೂ ತೋರಿಸುತ್ತಿತ್ತು. ಬಾಗಿಲ ಬೋರ್ಡ್ ಓದಲು ಹೋದಾಗಲೂ ತೋರಿಸುತ್ತಿತ್ತು.

ಇವೆಲ್ಲ ಕಂಪ್ಯೂಟರ್ ಜನರ ತಲೆನೋವು, ನಮಗೇನು ಎನ್ನಿಸಬಹುದು. 2019ರ ಕ್ಯಾಪಿಟಲ್ ಒನ್ ಬ್ಯಾಂಕಿನ ಪ್ರಕರಣ ನೋಡಿ. ಅಮೆರಿಕದ ಈ ಬ್ಯಾಂಕು ತನ್ನ ದತ್ತಾಂಶವನ್ನು ಅಮೆಜಾನ್‌ನ ಬಾಡಿಗೆ ಕಂಪ್ಯೂಟರುಗಳಲ್ಲಿ ಇಟ್ಟಿತ್ತು. ಅಲ್ಲಿ ಕಾವಲಿಗಿಟ್ಟ ಒಂದು ಸಾಫ್ಟ್‌ವೇರನ್ನು ಸರಿಯಾಗಿ ಹೊಂದಿಸಿರಲಿಲ್ಲ. ಹೊರಗಿನಿಂದ ಬಂದವರು ಅದಕ್ಕೆ "ಈ ವಿಳಾಸದಲ್ಲಿರುವುದನ್ನು ತಂದುಕೊಡು" ಎಂದರು. ಆ ವಿಳಾಸ ಒಳಮನೆಯದು, ಯಂತ್ರ ತನ್ನ ಕೀಲಿಕೈಗಳನ್ನು ಕೇಳಿ ಪಡೆಯುವ ಜಾಗ. ಕಾವಲುಗಾರ ತಾನೇ ಹೋಗಿ ಕೀಲಿಕೈ ತಂದು ಕೈಗಿಟ್ಟ. ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ ಸೋರಿತು. ಬಹುಪಾಲು ಜನ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದವರು. ಸುಮಾರು 80,000 ಬ್ಯಾಂಕ್ ಖಾತೆ ಸಂಖ್ಯೆಗಳೂ ಅದರಲ್ಲಿದ್ದವು. ಮರುವರ್ಷ ಅಲ್ಲಿನ ಬ್ಯಾಂಕ್ ನಿಯಂತ್ರಕರು 8 ಕೋಟಿ ಡಾಲರ್ ದಂಡ ಹಾಕಿದರು. ಅರ್ಜಿ ಹಾಕಿದವರು ಯಾವ ತಪ್ಪೂ ಮಾಡಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ನಮ್ಮಲ್ಲಿ ಒಟಿಪಿ ಹೇಳಬೇಡಿ ಎಂದು ಜಾಗೃತಿ ಸಭೆ ಮಾಡುತ್ತಾರಲ್ಲ, ಅಂಥ ಎಚ್ಚರ ಇಲ್ಲಿ ಏನೂ ಕೆಲಸಕ್ಕೆ ಬರದು.

ಈಗ ಮತ್ತೆ ಕರ್ಲ್‌ಗೆ ಬರೋಣ. 2023ರ ಅಕ್ಟೋಬರ್ ಮೊದಲ ವಾರ ಸ್ಟೆನ್‌ಬರ್ಗ್ ಒಂದು ಪ್ರಕಟಣೆ ಕೊಟ್ಟರು. ಬಹಳ ಕಾಲದಲ್ಲಿ ಕರ್ಲ್‌ನಲ್ಲಿ ಸಿಕ್ಕ ಅತಿ ಕೆಟ್ಟ ಲೋಪ ಇದಿರಬಹುದು, 11ನೇ ತಾರೀಕು ದುರಸ್ತಿ ಬಿಡುತ್ತೇವೆ, ಅಲ್ಲಿವರೆಗೆ ವಿವರ ಹೇಳುವುದಿಲ್ಲ ಎಂಬುದು ಸಾರ. ಒಂದು ವಾರ ಜಗತ್ತಿನ ಕಂಪ್ಯೂಟರ್ ಇಲಾಖೆಗಳು ತಮ್ಮಲ್ಲಿ ಎಲ್ಲೆಲ್ಲಿ ಕರ್ಲ್ ಇದೆ ಎಂದು ಹುಡುಕಿದವು. ಅಕ್ಟೋಬರ್ 11ರಂದು ನಮ್ಮ ಸಮಯ ಬೆಳಿಗ್ಗೆ ಹನ್ನೊಂದೂವರೆ ಸುಮಾರಿಗೆ 8.4.0 ಆವೃತ್ತಿ ಬಂತು.

ಲೋಪ ಏನೆಂದು ಬಿಡಿಸಿ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ. ಕರ್ಲ್ ಕೆಲವೊಮ್ಮೆ ನೇರ ಹೋಗದೆ ಒಬ್ಬ ಮಧ್ಯವರ್ತಿಯ ಮೂಲಕ ಹೋಗುತ್ತದೆ. ಸಾಕ್ಸ್5 ಎಂಬ ಬಗೆಯ ಮಧ್ಯವರ್ತಿಗೆ ಸೈಟಿನ ಹೆಸರು ಹೇಳಿದರೆ ವಿಳಾಸವನ್ನು ಅವನೇ ಹುಡುಕಿಕೊಳ್ಳುತ್ತಾನೆ. ಆದರೆ ಹೆಸರು 255 ಅಕ್ಷರ ಮೀರುವಂತಿಲ್ಲ. ಮೀರಿದರೆ ಕರ್ಲ್ ತಾನೇ ವಿಳಾಸ ಹುಡುಕಿ ಕೊಡಬೇಕು. ಇದು ಆಗಿನ ನಿಯಮ. ಕರ್ಲ್ ಅದಕ್ಕಾಗಿ "ಇದನ್ನು ನಾನೇ ಹುಡುಕುತ್ತೇನೆ" ಎಂದು ಒಂದು ಚೀಟಿ ಬರೆದುಕೊಳ್ಳುತ್ತಿತ್ತು ಎನ್ನೋಣ. 2020ರಲ್ಲಿ ಸ್ಟೆನ್‌ಬರ್ಗ್ ಈ ಭಾಗವನ್ನು ಹೊಸದಾಗಿ ಬರೆದರು. ಮಧ್ಯವರ್ತಿ ಉತ್ತರ ಕೊಡಲು ತಡಮಾಡಿದರೆ ಸುಮ್ಮನೆ ಕಾಯದೆ ಬೇರೆ ಕೆಲಸ ಮುಗಿಸಿಕೊಂಡು ಬರುವಂತೆ ಮಾಡಿದರು. ಸರಿಯಾದ ಸುಧಾರಣೆಯೇ. ಆದರೆ ತಿರುಗಿ ಬಂದಾಗ ಕೆಲಸ ಮೊದಲಿನಿಂದ ಶುರುವಾಗಿ ಚೀಟಿ ಕಳೆದುಹೋಗುತ್ತಿತ್ತು. ಕ್ಯಾಶಿಯರ್ ಒಬ್ಬ ಈ ಚೆಕ್ ಕೊಡಬೇಡ ಎಂದು ತಾನೇ ಬರೆದಿಟ್ಟ ಚೀಟಿಯನ್ನು ಟೀ ಕುಡಿದು ಬರುವಷ್ಟರಲ್ಲಿ ಯಾರೋ ಗುಡಿಸಿ ಹಾಕಿದಂತೆ.

ಚೀಟಿ ಇಲ್ಲದ ಕರ್ಲ್ ಆ ಉದ್ದನೆಯ ಹೆಸರನ್ನು ಹಾಗೇ ಮೆಮೊರಿಗೆ ಸುರಿಯುತ್ತಿತ್ತು. ಐದು ಸೇರಿನ ಡಬ್ಬಿಗೆ ಹತ್ತು ಸೇರು ಸುರಿದರೆ ಪಕ್ಕದ ಡಬ್ಬಿಗೂ ಬೀಳುತ್ತದೆ. ಪಕ್ಕದಲ್ಲಿ ಏನಿತ್ತೋ ಅದು ಕೆಡುತ್ತದೆ, ಅಲ್ಲಿ ಏನು ಬೀಳಬೇಕು ಎಂದು ಆ ಕಡೆಯವನು ಲೆಕ್ಕ ಹಾಕಿ ಕಳಿಸಬಹುದು. ಸರ್ವರ್ ಮಾಡಬೇಕಾದದ್ದು ಒಂದೇ. "ಇಲ್ಲಿಲ್ಲ, ಆ ಕಡೆ ಹೋಗು" ಎಂದು ಸಾವಿರಾರು ಅಕ್ಷರದ ವಿಳಾಸ ಕೊಡುವುದು. ವಿಗೆಟ್‌ನ 2010ರ ಕಥೆ ನೆನಪಾಯಿತೇ? ಅದೇ ದಾರಿ ತಪ್ಪಿಸುವ ಮಾತು, ಹದಿಮೂರು ವರ್ಷದ ಮೇಲೆ.

ಎಲ್ಲರ ಫೋನೂ ಅಪಾಯದಲ್ಲಿತ್ತು ಎಂದಲ್ಲ. ಸಾಕ್ಸ್5 ಮಧ್ಯವರ್ತಿ ಬಳಸುವವರಿಗೆ ಮಾತ್ರ, ಅದೂ ಕೆಲವು ಸೆಟ್ಟಿಂಗ್ ಇದ್ದರೆ ಮಾತ್ರ ತಟ್ಟುತ್ತಿತ್ತು. ಇಷ್ಟಕ್ಕೇ ಇಷ್ಟು ಗದ್ದಲವೇ ಎಂದು ಕೆಲವರು ಮುನಿಸಿಕೊಂಡರು. ಆ ಮುನಿಸು ನನಗೆ ಸರಿ ಎನ್ನಿಸುವುದಿಲ್ಲ. ಸಾಕ್ಸ್5 ಬಳಸುವವರಲ್ಲಿ ಟಾರ್ ಎಂಬ ಗುಟ್ಟಿನ ಜಾಲದ ಮೂಲಕ ಹೋಗುವವರಿದ್ದಾರೆ. ತಮ್ಮ ಗುರುತು ಬಯಲಾದರೆ ಜೀವಕ್ಕೇ ಕುತ್ತು ಎನ್ನುವ ದೇಶಗಳ ಪತ್ರಕರ್ತರೂ ಅದನ್ನು ಬಳಸುತ್ತಾರೆ.

ದುರಸ್ತಿ ಬಂದ ದಿನವೇ ಸ್ಟೆನ್‌ಬರ್ಗ್ ಒಂದು ಲೇಖನ ಬರೆದರು. ಈ ಲೋಪ ಮಾಡಿದ್ದು ನಾನೇ, ಹೇಗೆ ಮಾಡಿದೆ ನೋಡಿ ಎಂದು ಸಾಲು ಸಾಲಾಗಿ ವಿವರಿಸಿದರು. ಈಗ ಓದಿದರೆ ಅದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ, ಆದರೂ 1,315 ದಿನ ಯಾರಿಗೂ ಕಾಣಲಿಲ್ಲ ಎಂಬುದನ್ನು ಒಪ್ಪಿಕೊಂಡರು. ಮೆಮೊರಿ ಚೆಲ್ಲಲು ಬಿಡದ ಹೊಸ ಭಾಷೆಗಳಲ್ಲಿ ಬರೆದಿದ್ದರೆ ಇದು ಆಗುತ್ತಲೇ ಇರಲಿಲ್ಲ, ಅಲ್ಲಿಯವರೆಗೆ ಕರ್ಲ್‌ನಲ್ಲಿ ಸಿಕ್ಕ ಭದ್ರತಾ ಲೋಪಗಳಲ್ಲಿ ಶೇ 41ರಷ್ಟು ಇಂಥವೇ ಎಂದೂ ಹೇಳಿದರು. ಕರ್ಲ್ ಬರೆದಿರುವುದು ಸಿ ಎಂಬ 1970ರ ದಶಕದ ಭಾಷೆಯಲ್ಲಿ. ಹಳೆ ಮನೆಯ ಮಣ್ಣಿನ ಗೋಡೆ ಒಡೆದು ಇಟ್ಟಿಗೆ ಕಟ್ಟಿ ಎನ್ನುವುದು ಸುಲಭ, ಒಳಗೆ ಜನ ವಾಸ ಇರುವಾಗ ಕಟ್ಟುವುದು ಕಷ್ಟ. ಲೋಪ ಹುಡುಕಿಕೊಟ್ಟವರಿಗೆ ಸಿಕ್ಕ ಬಹುಮಾನ 4,660 ಡಾಲರ್, ಅಂದಿನ ಲೆಕ್ಕಕ್ಕೆ ನಾಲ್ಕು ಲಕ್ಷ ರೂಪಾಯಿಗೆ ಸ್ವಲ್ಪ ಕಡಿಮೆ.

ಇಷ್ಟೆಲ್ಲ ನೋಡಿಕೊಳ್ಳುವವರು ಎಷ್ಟು ಜನ? ಸಾವಿರಾರು ಜನ ಅಲ್ಲಲ್ಲಿ ತಿದ್ದುಪಡಿ ಕಳಿಸಿದ್ದಾರೆ ನಿಜ. ಆದರೆ ದಿನವೂ ಬಾಗಿಲಲ್ಲಿ ಕೂತಿರುವವರು ಬೆರಳೆಣಿಕೆ. ಸ್ಟೆನ್‌ಬರ್ಗ್‌ಗೆ ಇದೇ ಪೂರ್ಣಾವಧಿ ಕೆಲಸವಾದದ್ದು 2019ರಲ್ಲಿ, ಅಂದರೆ ಶುರುಮಾಡಿ ಇಪ್ಪತ್ತು ವರ್ಷ ಕಳೆದ ಮೇಲೆ. ಅದಕ್ಕೂ ಮೊದಲು ಹಗಲು ಬೇರೆ ನೌಕರಿ, ಬಿಡುವಿನಲ್ಲಿ ಕರ್ಲ್.

ಅವರ ಸ್ಥಿತಿಯೇ ವಾಸಿ. ಪುಟದೊಳಗಿಂದ ಆರಿಸುವ ಕೆಲಸಕ್ಕೆ ಲೆಕ್ಕವಿಲ್ಲದಷ್ಟು ಪ್ರೋಗ್ರಾಂಗಳು ನೆಚ್ಚಿಕೊಂಡಿರುವ ಲಿಬ್‌ಎಕ್ಸ್‌ಎಂಎಲ್2 ಎಂಬುದಿದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ನಿಕ್ ವೆಲ್‌ನ್‌ಹೋಫರ್. 2025ರ ಜೂನ್‌ನಲ್ಲಿ ಅವರು ಸಾಕು ಎಂದರು. ಸಂಬಳವಿಲ್ಲದ ಸ್ವಯಂಸೇವಕ ನಾನು, ವಾರಕ್ಕೆ ಹಲವು ಗಂಟೆ ಭದ್ರತಾ ದೂರುಗಳಿಗೇ ಹೋಗುತ್ತಿದೆ, ಇನ್ನು ಮುಂದೆ ಅವುಗಳನ್ನೂ ಉಳಿದ ಬಗ್‌ಗಳಂತೆಯೇ ನೋಡುತ್ತೇನೆ, ಗುಟ್ಟಾಗಿ ಇಡುವುದಿಲ್ಲ, ಬಿಡುವಾದಾಗ ಸರಿಮಾಡುತ್ತೇನೆ ಎಂದರು. ದೊಡ್ಡ ದೊಡ್ಡ ಕಂಪನಿಗಳು ಇದನ್ನು ಪುಕ್ಕಟೆ ಬಳಸುತ್ತವೆ, ಭಾರ ಮಾತ್ರ ಹೊರುವುದಿಲ್ಲ ಎಂಬುದು ಅವರ ಸಿಟ್ಟು. ಕೆಲವು ತಿಂಗಳಲ್ಲಿ ಹೊಣೆಯಿಂದಲೂ ಕೆಳಗಿಳಿದರು. ಊರ ಕೆರೆಯ ತೂಬು ನೋಡಿಕೊಳ್ಳುತ್ತಿದ್ದ ನೀರುಗಂಟಿ ಕೀಲಿ ಇಟ್ಟು ಹೋದಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಕರ್ಲ್‌ಗೆ ಬಂದ ಕಾಟ ಬೇರೆ ಬಗೆಯದು. 2019ರಿಂದ ಅವರು ಲೋಪ ಹುಡುಕಿದವರಿಗೆ ಹಣ ಕೊಡುವ ಪದ್ಧತಿ ನಡೆಸಿದ್ದರು. ಒಟ್ಟು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟರು, ನಿಜವಾದ ಲೋಪಗಳು ಹತ್ತಾರು ಸಿಕ್ಕವು. ಆಮೇಲೆ ಚಾಟ್‌ಜಿಪಿಟಿಯಂಥವು ಬಂದವು. ಕೋಡ್ ಓದಲು ಬಾರದವರೂ ಎಐಗೆ ಹೇಳಿ ಉದ್ದುದ್ದ ವರದಿ ಬರೆಸಿ ಕಳಿಸತೊಡಗಿದರು. ಭಾಷೆ ಚೆನ್ನ, ತಲೆಬರಹ ಚೆನ್ನ, ಇಲ್ಲದ ಲೋಪದ ವರ್ಣನೆಯೂ ಚೆನ್ನ. ಸುಳ್ಳು ಎಂದು ಖಚಿತಪಡಿಸಲು ತಿಳಿದವರು ಗಂಟೆಗಟ್ಟಲೆ ಕೂರಬೇಕು. ನಾವು ಸುದ್ದಿಮನೆಯವರು ಈ ಸಂಕಟ ಬಲ್ಲೆವು, ಸುಳ್ಳು ಸುದ್ದಿ ಬರೆಯಲು ಐದು ನಿಮಿಷ ಸಾಕು, ಸುಳ್ಳೆಂದು ತೋರಿಸಲು ಒಂದು ದಿನ ಬೇಕು. ಹಾಗೆಂದು ಎಐ ಎಲ್ಲ ಕಸ ಎನ್ನುವಂತೆಯೂ ಇಲ್ಲ. 2025ರಲ್ಲೇ ಕೆಲಸ ಬಲ್ಲ ಸಂಶೋಧಕರೊಬ್ಬರು ಎಐ ಸಾಧನಗಳಿಂದ ಹುಡುಕಿ ಕೊಟ್ಟ ಪಟ್ಟಿಯಿಂದ ಐವತ್ತರಷ್ಟು ತಿದ್ದುಪಡಿಗಳಾದವು, ಸ್ಟೆನ್‌ಬರ್ಗ್ ಅದನ್ನು ಮನಸಾರೆ ಹೊಗಳಿದರು.

ಕರ್ಲ್ ತಂಡ ತನ್ನಲ್ಲಿ ಈವರೆಗೆ ಸಿಕ್ಕ ಎಲ್ಲ ಭದ್ರತಾ ಲೋಪಗಳ ಪಟ್ಟಿಯನ್ನು ಬಹಿರಂಗವಾಗಿ ಇಟ್ಟಿದೆ. ಪ್ರತಿಯೊಂದರ ಮುಂದೆಯೂ ಅದು ಯಾವ ಆವೃತ್ತಿಯಲ್ಲಿ ಹುಟ್ಟಿತು, ಯಾವುದರಲ್ಲಿ ಮುಚ್ಚಿತು ಎಂದು ಬರೆದಿರುತ್ತದೆ. ಹುಟ್ಟಿದಂದಿನಿಂದ ಕಣ್ಣಿಗೆ ಬೀಳುವವರೆಗೆ ಒಂದು ಲೋಪ ಸರಾಸರಿ ಸುಮಾರು ಏಳು ವರ್ಷ ಒಳಗೇ ಕೂತಿರುತ್ತದೆ ಎಂಬುದು ಅವರದೇ ಲೆಕ್ಕ. ಮೊಬೈಲಿನಲ್ಲಿ ಅಪ್‌ಡೇಟ್ ಬಂದಿದೆ ಎಂಬ ಸೂಚನೆಯನ್ನು ಡೇಟಾ ಖಾಲಿಯಾಗುತ್ತದೆಂದು ನಾವು ಪಕ್ಕಕ್ಕೆ ತಳ್ಳುತ್ತೇವಲ್ಲ, ಅದರೊಳಗೆ ಎಷ್ಟೋ ಸಲ ಬರುವುದು ಈ ಪಟ್ಟಿಯ ದುರಸ್ತಿಗಳೇ.

2026ರ ಜನವರಿ ಕೊನೆಗೆ ಕರ್ಲ್ ತಂಡ ಬಹುಮಾನದ ಪದ್ಧತಿಯನ್ನು ನಿಲ್ಲಿಸಿತು. ಹಣ ಇಲ್ಲದಿದ್ದರೆ ಕಸ ಕಡಿಮೆಯಾದೀತು ಎಂಬ ಆಸೆ. ಲೋಪ ಕಂಡವರು ತಿಳಿಸಲು ದಾರಿ ಮಾತ್ರ ತೆರೆದೇ ಇದೆ. ಆ ದಾರಿಯ ಬಾಗಿಲಲ್ಲಿ ಅವರೂ ಈಗ ಒಂದು ಬೋರ್ಡ್ ಹಾಕಿದ್ದಾರೆ: ಕಸದ ವರದಿ ಕಳಿಸಿ ನಮ್ಮ ಸಮಯ ಹಾಳುಮಾಡಿದರೆ ನಿಮ್ಮನ್ನು ಹೊರಗಿಡುತ್ತೇವೆ, ಎಲ್ಲರೆದುರು ಗೇಲಿಯನ್ನೂ ಮಾಡುತ್ತೇವೆ ಎಂದು.